ಕಣಿವೆ ದಾಟದ ಹಾಡು

ರೆಕ್ಕೆಯುಳ್ಳವರಿಗೆ ಎಲ್ಲೆಯಿಲ್ಲವೆಂಬುದು ಲೋಕದ ನಂಬಿಕೆ. ಬೇಲಿ, ಹೊಳೆ, ಗಡಿ ಇವೆಲ್ಲ ನೆಲದ ಮೇಲೆ ನಡೆಯುವವರ ಪಾಡು. ಹಕ್ಕಿ ಮಾತ್ರ ಸ್ವತಂತ್ರ ಎಂದು ನಾವು ಬಾಲ್ಯದಿಂದಲೂ ತಿಳಿದುಬಂದಿದ್ದೇವೆ. ಹಿಮಾಲಯವನ್ನು ಹಾರಿ ನಮ್ಮ ಕೆರೆಗಳಿಗೆ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತನ್ನು ಕಂಡವರಿಗೆ ಇದು ನಿಜವೆಂದೇ ತೋರೀತು. ಆದರೆ ನಮ್ಮ ಪಶ್ಚಿಮ ಘಟ್ಟಗಳ ನೆತ್ತಿಯ ಮೇಲೆ, ಎದುರಿನ ಬೆಟ್ಟ ಕಣ್ಣಿಗೆ ಕಾಣುತ್ತಿದ್ದರೂ ನಡುವಣ ಆಳವಾದ ಕಣಿವೆಯನ್ನು ದಾಟದ ಹಕ್ಕಿಯೊಂದಿದೆ.

ಅದರ ಹೆಸರು ಶೋಲಾಕಿಳಿ. ಎತ್ತರದ ಹುಲ್ಲುಗಾವಲುಗಳ ನಡುವೆ, ಬೆಟ್ಟದ ಮಡಿಕೆಗಳಲ್ಲಿ, ನೀರಿನ ಜಾಡು ಹಿಡಿದು ಬೆಳೆಯುವ ಗಿಡ್ಡಮರಗಳ ದಟ್ಟ ಕಾಡಿಗೆ ಶೋಲಾ ಎನ್ನುತ್ತಾರೆ. ತೋಪನ್ನು ಸೂಚಿಸುವ ತಮಿಳಿನ 'ಸೋಲೈ' ಎಂಬ ಮಾತೇ ಇದರ ಮೂಲ. 'ಕಿಳಿ' ಎಂಬುದು ನಮ್ಮ 'ಗಿಳಿ'ಯ ಒಡಹುಟ್ಟು. ಆದರೆ ಮಲಯಾಳದಲ್ಲಿ ಅದು ಗಿಳಿಗಷ್ಟೇ ಅಲ್ಲದೆ ಯಾವ ಸಣ್ಣ ಹಕ್ಕಿಗಾದರೂ ಸಲ್ಲುತ್ತದೆ. ಆದ್ದರಿಂದ ಹೆಸರು ಕೇಳಿ ಹಸಿರು ರೆಕ್ಕೆ, ಕೆಂಪು ಕೊಕ್ಕುಗಳನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ.

ಸುಮಾರು 15 ಸೆಂಟಿಮೀಟರ್ ಉದ್ದದ ಪುಟ್ಟ ಜೀವ ಅದು. ಮಳೆಗಾಲದ ಮೋಡದಂಥ ಕಪ್ಪು ಬೆರೆತ ನೀಲಿ ಮೈ, ಬಿಳಿಯ ಹೊಟ್ಟೆ, ಉದ್ದನೆಯ ಕಾಲು. ಶೋಲಾದ ಮಬ್ಬುಬೆಳಕಿನಲ್ಲಿ, ಪೊದೆಗಳ ಬುಡದಲ್ಲಿ ಕುಪ್ಪಳಿಸುತ್ತ, ತರಗೆಲೆಗಳ ನಡುವಿನ ಹುಳುಹುಪ್ಪಟೆಗಳನ್ನು ಹೆಕ್ಕಿ ತಿನ್ನುತ್ತದೆ. ಮರದ ಪೊಟರೆಯಲ್ಲೋ ದರೆಯ ಬಿಲದಲ್ಲೋ ಹಾವಸೆಯ ಗೂಡು ಕಟ್ಟುತ್ತದೆ. ಬಿಸಿಲಿಗೆ ಬರುವುದು ಅದಕ್ಕೆ ಒಗ್ಗದು. ಹಾಗಾಗಿ ಅದರ ಇರವು ನಮಗೆ ತಿಳಿಯುವುದು ಕಣ್ಣಿನಿಂದಲ್ಲ, ಕಿವಿಯಿಂದ. ಕತ್ತಲೆಗವಿದ ಪೊದೆಯೊಳಗಿನಿಂದ ಸಿಳ್ಳಿನಂತಹ ಹಾಡೊಂದು ಹೊರಡುತ್ತದೆ, ಹಾಡುಗಾರ ಕಾಣುವುದಿಲ್ಲ.

ಜೆರ್ಡನ್ ಎಂಬ ವಿದ್ವಾಂಸನು ಹತ್ತೊಂಬತ್ತನೆಯ ಶತಮಾನದಲ್ಲಿ ನೀಲಗಿರಿಯ ಶೋಲಾಕಿಳಿಯನ್ನು ಶಾಸ್ತ್ರಕ್ಕೆ ಪರಿಚಯಿಸಿದನು. ಅಲ್ಲಿಂದೀಚೆಗೆ ಪಂಡಿತರು ಈ ಹಕ್ಕಿಯನ್ನು ಒಂದು ಕುಲದಿಂದ ಇನ್ನೊಂದಕ್ಕೆ ಸಾಗಿಸುತ್ತಲೇ ಬಂದರು. ಕಡೆಗೆ 2017ರಲ್ಲಿ ವಿ. ವಿ. ರಾಬಿನ್ ಮತ್ತು ಸಂಗಡಿಗರು, ಇದು ಈ ಬೆಟ್ಟಗಳಲ್ಲಿಯೇ ಕವಲೊಡೆದ ಪ್ರತ್ಯೇಕ ಕುಲವೆಂದು ತೋರಿಸಿ 'ಶೋಲಿಕೋಲ' ಎಂದು ಹೆಸರಿಟ್ಟರು. 'ಶೋಲಾವಾಸಿ' ಎಂದು ಅದರ ಅರ್ಥ. 30 ಕಿಲೋಮೀಟರಿನಷ್ಟು ಅಗಲವಾದ ಪಾಲಕ್ಕಾಡಿನ ಕಣಿವೆಯ ಉತ್ತರಕ್ಕಿರುವುದು ಒಂದು ಜಾತಿ. ನೀಲಗಿರಿಯ ಜೊತೆಗೆ ನಮ್ಮ ಬಾಬಾಬುಡನ್ ಗಿರಿಯೂ ಅದರ ನೆಲೆ. ದಕ್ಷಿಣದ ಆನೆಮಲೆ, ಪಳನಿ ಬೆಟ್ಟಗಳಲ್ಲಿರುವುದು ಬೇರೆ ಜಾತಿ. ತಂಪಿನ ಜೀವಕ್ಕೆ ಕೆಳಗಿನ ಬಿಸಿಯ ಬಯಲು ಸಮುದ್ರವಿದ್ದಂತೆ, ಶಿಖರಗಳು ದ್ವೀಪಗಳಿದ್ದಂತೆ.

ಹಾಡುಹಕ್ಕಿಗಳ ಹಾಡು ಬಹುಮಟ್ಟಿಗೆ ಹಿರಿಯರಿಂದ ಕೇಳಿ ಕಲಿತದ್ದು. ಧಾರವಾಡದ ಮಾತು, ಮಂಗಳೂರಿನ ಮಾತು ಬೇರೆಬೇರೆಯಾದಂತೆ, ಅಗಲಿದ ಹಕ್ಕಿಗಳ ಹಾಡೂ ಬೇರೆಯಾಗುತ್ತದೆ. ಆರು ನೆಲೆಗಳಲ್ಲಿ 38 ಹಕ್ಕಿಗಳ 835 ಹಾಡುಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಪುರಾತನ ಕಣಿವೆಗಳ ಆಚೀಚೆ ಹಾಡು ಬೇರೆಯಾಗಿದ್ದುದು ಸೋಜಿಗವಲ್ಲ. ಆದರೆ ಕಾಡು ಕಡಿದದ್ದರಿಂದ ಇತ್ತೀಚೆಗೆ ಬೇರ್ಪಟ್ಟ ನೆಲೆಗಳಲ್ಲಿಯೂ ಒಂದು ಲಕ್ಷಣ ಬದಲಾಗಿತ್ತು. ಹಕ್ಕಿಯ ಧ್ವನಿಯಂತ್ರಕ್ಕೆ ಎರಡು ಪಾರ್ಶ್ವಗಳುಂಟು. ಅವನ್ನು ಬಳಸಿ ನಾದ ಹೊರಡಿಸುವ ಬಗೆಯೇ ಭಿನ್ನವಾಗಿತ್ತು. ಅದಕ್ಕೆ ಹಿಂದಿನ ವರ್ಷ, 218 ಹಕ್ಕಿಗಳ ವಂಶಗುಣಗಳನ್ನು ಪರೀಕ್ಷಿಸಿದ ಮತ್ತೊಂದು ಅಧ್ಯಯನವೂ ಇದನ್ನೇ ಸೂಚಿಸಿತ್ತು: ಹಿಂದೆ ಆಳವಿಲ್ಲದ ಕಣಿವೆಗಳನ್ನು ದಾಟಿ ಕೂಡುತ್ತಿದ್ದ ಹಕ್ಕಿಗಳು, ಈಗ ಮನುಷ್ಯನು ಒಡೆದ ಕಾಡಿನ ತುಣುಕುಗಳಲ್ಲಿ ಒಂದನ್ನೊಂದು ಕೂಡದಾಗಿವೆ.

ಒಡೆದದ್ದು ಹೇಗೆ? ಕೊಡಲಿಯಿಂದ ಮಾತ್ರವಲ್ಲ, ನೆಡುವುದರಿಂದ ಕೂಡ. ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಈ ಎತ್ತರಗಳಲ್ಲಿ ಚಹಾ ತೋಟಗಳು ಹಬ್ಬಿದವು. ನೀಲಗಿರಿಮರವೂ ಅಕೇಶಿಯವೂ ಬಂದು ನಿಂತವು. ದೂರದಿಂದ ನೋಡುವವನಿಗೆ ಎಲ್ಲವೂ ಹಸಿರೇ. ಶೋಲಾಕಿಳಿ ಹಾಗೆ ಮೋಸಹೋಗುವುದಿಲ್ಲ. ಅದಕ್ಕೆ ಬೇಕಾದುದು ಹಸಿರಲ್ಲ, ಒದ್ದೆಯಾದ ತರಗೆಲೆಯ ನೆಲ.

ಭೂಮಿಯು ಬಾಬಾಬುಡನ್ ಗಿರಿಯನ್ನೂ ನೀಲಗಿರಿಯನ್ನೂ ಬೇರೆಮಾಡಲು ಎಣಿಕೆಗೆ ಸಿಗದಷ್ಟು ಕಾಲ ತೆಗೆದುಕೊಂಡಿತು. ಆ ಕಾಲದಲ್ಲಿ ಹಕ್ಕಿಗಳು ತಮ್ಮ ತಮ್ಮ ಬೆಟ್ಟಕ್ಕೆ ಹೊಂದಿಕೊಂಡವು. ನಾವು ಅದೇ ಕೆಲಸವನ್ನು ಎರಡು ಶತಮಾನಗಳಲ್ಲಿ ಮಾಡಿದೆವು. ಹೊಂದಿಕೊಳ್ಳಲು ಅವಕ್ಕೆ ಬಿಡುವು ಕೊಡಲಿಲ್ಲ. ಸಣ್ಣ ತುಣುಕಿನಲ್ಲಿ ಉಳಿದ ಕೆಲವೇ ಹಕ್ಕಿಗಳಿಗೆ ಹೊರಗಿನಿಂದ ಸಂಗಾತಿ ಬಾರದು, ಹೊಸ ಹಾಡೂ ಬಾರದು. ಮುಳ್ಳಯ್ಯನಗಿರಿಯ ದಾರಿಯಲ್ಲಿ ಗಾಡಿ ನಿಲ್ಲಿಸಿ ಮಂಜನ್ನು ನೋಡುವವರು ಒಂದು ಗಳಿಗೆ ಮಾತು ನಿಲ್ಲಿಸಿ ಪಕ್ಕದ ಶೋಲಾದ ಕಡೆ ಕಿವಿಗೊಡಲಿ. ಅಲ್ಲಿ ಕೇಳಿಬರುವ ಸಿಳ್ಳು ಆ ಬೆಟ್ಟದ್ದೇ. ಅಲ್ಲಿಯ ಕಾಡು ಹೋದರೆ, ಅದನ್ನು ಕಲಿತುಕೊಂಡು ಬರಲು ಬೇರೆ ಯಾವ ಬೆಟ್ಟವೂ ಇಲ್ಲ.