ಸುಳಿಗಾಳಿಯ ಮೊರ: ಮರಗೆಲಸದ ಕೊಠಡಿಯಲ್ಲಿ ಧೂಳಿನ ನಿವಾರಣೆ

ಸುಗ್ಗಿಯ ಕಾಲದಲ್ಲಿ ಕಣದ ನಡುವೆ ನಿಂತು, ಮೊರದ ತುಂಬ ಭತ್ತವನ್ನು ತಲೆಯ ಮಟ್ಟಕ್ಕೆತ್ತಿ, ಗಾಳಿಯ ದಿಕ್ಕನ್ನರಿತು ಮೆಲ್ಲಮೆಲ್ಲನೆ ಸುರಿಯುವ ರೈತನ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ತೂರುವುದೆಂದು ಹೆಸರು. ಗಟ್ಟಿ ಕಾಳು ಪಾದದ ಬಳಿ ಬೀಳುತ್ತದೆ. ಜೊಳ್ಳು ತುಸು ದೂರ ಸರಿಯುತ್ತದೆ. ಹೊಟ್ಟೂ ಧೂಳೂ ಗಾಳಿಯೊಡನೆ ಹಾರಿಹೋಗುತ್ತವೆ. ನೋಡಲು ಸರಳವಾದ ಈ ಕ್ರಿಯೆಯಲ್ಲಿ ಒಂದು ಗಹನವಾದ ತತ್ತ್ವವಿದೆ. ಪ್ರತಿಯೊಂದು ಕಣವನ್ನೂ ಭೂಮಿ ಕೆಳಕ್ಕೆ ಸೆಳೆಯುತ್ತದೆ, ಗಾಳಿ ಪಕ್ಕಕ್ಕೆ ಸೆಳೆಯುತ್ತದೆ. ತೂಕವುಳ್ಳದ್ದು ಭೂಮಿಯ ಪಾಲಾಗುತ್ತದೆ, ಹಗುರವಾದದ್ದು ಗಾಳಿಯ ಪಾಲಾಗುತ್ತದೆ.

ಇದೇ ತತ್ತ್ವವನ್ನು ಯಂತ್ರರೂಪದಲ್ಲಿ ನೋಡಬಯಸುವವರು ಬಹು ದೂರ ಹೋಗಬೇಕಾಗಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಅಕ್ಕಿ ಗಿರಣಿಗಳ ಬಳಿ ಹಾದುಹೋಗುವಾಗ, ಗೋಡೆಗಿಂತ ಎತ್ತರದಲ್ಲಿ, ಮೇಲೆ ದುಂಡಗೆ ಕೆಳಗೆ ಚೂಪಾಗಿ, ಭಾರಿ ಆಲಿಕೆಯಂತೆ ಕಾಣುವ ತಗಡಿನ ಪಾತ್ರೆಯೊಂದು ಕಣ್ಣಿಗೆ ಬೀಳುತ್ತದೆ. ಅದನ್ನು ದಿನನಿತ್ಯ ನೋಡುವವರು ಅನೇಕರು. ಅದರೊಳಗೆ ನಡೆಯುವುದೇನೆಂದು ಬಲ್ಲವರು ವಿರಳ. ಈ ಪಾತ್ರೆಯನ್ನೇ ಗೇಣಗಲಕ್ಕಿಂತ ಕಿರಿದಾಗಿ ಮಾಡಿ, ಶಾಲೆಯ ಮರಗೆಲಸದ ಕೊಠಡಿಯಲ್ಲಿರುವ ಧೂಳು ಹೀರುವ ಯಂತ್ರಕ್ಕೆ ಜೋಡಿಸಿದರೆ ವಿದ್ಯಾರ್ಥಿಗಳ ಉಸಿರಿಗೆ ಮಹದುಪಕಾರವಾಗುತ್ತದೆ. ಆದರೆ ಗಿರಣಿಯಲ್ಲಿ ಕಂಡುದನ್ನು ಹಾಗೆಯೇ ಅನುಕರಿಸಿದರೆ ಅದು ಕೆಲಸಮಾಡದು. ಅದೇಕೆಂಬುದನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಹೆಸರಿನ ವಿಚಾರ

ಈ ಸಾಧನಕ್ಕೆ ಲೋಕದಲ್ಲಿ ಸೈಕ್ಲೋನ್ ಎಂದು ಹೆಸರು. ಬಂಗಾಳ ಕೊಲ್ಲಿಯಲ್ಲೆದ್ದು ಕರಾವಳಿಯನ್ನು ಅಪ್ಪಳಿಸುವ ಚಂಡಮಾರುತಕ್ಕೂ ಇದೇ ಹೆಸರು. ಆಶ್ಚರ್ಯದ ಸಂಗತಿಯೆಂದರೆ ಈ ಪದ ಹುಟ್ಟಿದ್ದು ಭಾರತದಲ್ಲಿ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್‌ಟನ್ ಎಂಬ ಆಂಗ್ಲ ವಿದ್ವಾಂಸನು ಸಮುದ್ರದ ಬಿರುಗಾಳಿಗಳು ಸುತ್ತುವ ರೀತಿಯನ್ನು ಅಭ್ಯಸಿಸಿ, 1848ರಲ್ಲಿ ಪ್ರಕಟವಾದ ನಾವಿಕರ ಕೈಪಿಡಿಯಲ್ಲಿ ಈ ಪದವನ್ನು ಬಳಕೆಗೆ ತಂದನು. ಅದರ ಮೂಲ ಗ್ರೀಕ್ ಭಾಷೆಯ ‘ಕುಕ್ಲೋಸ್’, ಅಂದರೆ ವೃತ್ತ ಅಥವಾ ಗಾಲಿ. ಸಂಸ್ಕೃತದ ‘ಚಕ್ರ’ ಶಬ್ದವೂ ಈ ಗ್ರೀಕ್ ಶಬ್ದವೂ ಒಂದೇ ಮೂಲದಿಂದ ಬಂದವೆಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ಕನ್ನಡದಲ್ಲಿ ಸುಂಟರಗಾಳಿ, ಸುಳಿಗಾಳಿ ಎಂಬ ಸೊಗಸಾದ ಪದಗಳಿವೆ. ಧೂಳನ್ನು ಸುತ್ತಿಸಿ ಬೇರ್ಪಡಿಸುವ ಈ ಪಾತ್ರೆಯನ್ನು ‘ಸುಳಿಪಾತ್ರೆ’ ಎಂದು ಕರೆದರೆ ಅರ್ಥಕ್ಕೂ ಆಕಾರಕ್ಕೂ ಒಪ್ಪುತ್ತದೆ.

ಗಿರಣಿಯಲ್ಲಿ ಸುಳಿಪಾತ್ರೆ

ಕನ್ನಂಬಾಡಿಯ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆಯ ಮೂಲಕ ನೀರು ಹರಿದು ಬಂದ ಮೇಲೆ ಈ ಪ್ರಾಂತ್ಯದಲ್ಲಿ ಭತ್ತವೂ ಕಬ್ಬೂ ಸಮೃದ್ಧಿಯಾದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಬೆಳೆ ಹೆಚ್ಚಿದಂತೆ ಗಿರಣಿಗಳೂ ಹೆಚ್ಚಿದವು. ಗಿರಣಿಗಳೊಡನೆ ಹೊಟ್ಟಿನ, ತೌಡಿನ, ಧೂಳಿನ ಸಮಸ್ಯೆಯೂ ಹುಟ್ಟಿತು.

ಆಧುನಿಕ ಅಕ್ಕಿ ಗಿರಣಿಯಲ್ಲಿ ಭತ್ತವು ಮೊದಲು ಮಣ್ಣು ಕಲ್ಲುಗಳಿಂದ ಶುದ್ಧವಾಗಿ, ರಬ್ಬರ್ ಉರುಳೆಗಳ ನಡುವೆ ಸಾಗಿ ಹೊಟ್ಟನ್ನು ಕಳಚಿಕೊಳ್ಳುತ್ತದೆ. ಆ ಹೊಟ್ಟನ್ನು ಪಂಖದ ಗಾಳಿ ಸೆಳೆದುಕೊಂಡು ಕೊಳವೆಯ ಮೂಲಕ ಹೊರಕ್ಕೆ ತಳ್ಳುತ್ತದೆ. ಗಾಳಿಯನ್ನು ಹೊರಗೆ ಬಿಟ್ಟು ಹೊಟ್ಟನ್ನು ಮಾತ್ರ ಕೆಳಗೆ ಉಳಿಸಿಕೊಳ್ಳುವ ಹೊಣೆ ಸುಳಿಪಾತ್ರೆಯದು. ಅಕ್ಕಿಯನ್ನು ಪಾಲಿಷ್ ಮಾಡುವಾಗ ಉದುರುವ ತೌಡನ್ನೂ ಅನೇಕ ಗಿರಣಿಗಳಲ್ಲಿ ಹೀಗೆಯೇ ಸಂಗ್ರಹಿಸುತ್ತಾರೆ. ರೈತನು ಗಾಳಿಗಾಗಿ ಕಾಯುತ್ತಿದ್ದನು; ಗಿರಣಿಯಲ್ಲಿ ಗಾಳಿಯೇ ಆಳಾಗಿ ದುಡಿಯುತ್ತದೆ.

ಈ ಸಾಧನದ ಇತಿಹಾಸವೂ ಧಾನ್ಯದ ಗಿರಣಿಗಳೊಡನೆ ಬೆಸೆದುಕೊಂಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಿಟ್ಟಿನ ಗಿರಣಿಗಳೊಳಗೆ ಮೋಡದಂತೆ ಕವಿಯುತ್ತಿದ್ದ ಧೂಳು ಉಸಿರಾಟಕ್ಕಷ್ಟೇ ಅಲ್ಲ, ಪ್ರಾಣಕ್ಕೇ ಕಂಟಕವಾಗಿತ್ತು. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್ ನಗರದ ವಾಷ್‌ಬರ್ನ್ ಗಿರಣಿಯಲ್ಲಿ ಹಿಟ್ಟಿನ ಧೂಳಿಗೆ ಕಿಡಿ ತಗುಲಿ ಕಟ್ಟಡ ಸ್ಫೋಟಗೊಂಡಿತು. ಸುತ್ತಲಿನ ಗಿರಣಿಗಳೂ ಸೇರಿ 18 ಮಂದಿ ಅಸುನೀಗಿದರು. ಧೂಳು ಸಂಗ್ರಹಿಸುವ ಉಪಾಯಗಳನ್ನು ಹುಡುಕುವುದು ಆ ದಶಕದಲ್ಲಿ ಅನಿವಾರ್ಯವಾಯಿತು. 1885ರಲ್ಲಿ ಅಮೆರಿಕದಲ್ಲಿಯೇ ಸುಳಿಪಾತ್ರೆಗೆ ಪೇಟೆಂಟ್ ದೊರೆಯಿತು. ಅಂದಿನಿಂದ ಇಂದಿನವರೆಗೆ ಅದರ ಮೂಲ ಆಕಾರ ಹೆಚ್ಚು ಬದಲಾಗಿಲ್ಲ.

ಒಳಗೆ ನಡೆಯುವುದೇನು?

ಸುಳಿಪಾತ್ರೆಯ ಮೇಲ್ಭಾಗ ಡಬ್ಬದಂತೆ ದುಂಡಗೆ. ಕೆಳಭಾಗ ಶಂಕುವಿನಂತೆ ಚೂಪು. ಧೂಳು ತುಂಬಿದ ಗಾಳಿ ನೆತ್ತಿಯ ಬಳಿ ಗೋಡೆಗೆ ತಾಗಿಕೊಂಡು, ಸ್ಪರ್ಶರೇಖೆಯ ಜಾಡಿನಲ್ಲಿ ಒಳನುಗ್ಗುತ್ತದೆ. ಎದುರಿಗೆ ದಾರಿಯಿಲ್ಲದೆ ಅದು ಗೋಡೆಯನ್ನು ಅನುಸರಿಸಿ ಸುತ್ತತೊಡಗುತ್ತದೆ. ಬಂಡಿಯ ಗಾಲಿಗೆ ಹತ್ತಿದ ಕೆಸರು ವೇಗ ಹೆಚ್ಚಿದಂತೆ ಹೊರಕ್ಕೆ ಚಿಮ್ಮುವಂತೆ, ಗಾಳಿಯಲ್ಲಿನ ಭಾರದ ಕಣಗಳು ಹೊರಕ್ಕೆ ಸರಿದು ಗೋಡೆಯನ್ನು ಮುಟ್ಟುತ್ತವೆ, ಅಲ್ಲಿ ವೇಗ ಕಳೆದುಕೊಂಡು ಜಾರುತ್ತ ಶಂಕುವಿನ ತುದಿಯಿಂದ ಕೆಳಗಿನ ಡಬ್ಬಕ್ಕೆ ಬೀಳುತ್ತವೆ. ಕೆಳಗಿಳಿದ ಗಾಳಿ ಶಂಕುವಿನ ತುದಿಯ ಬಳಿ ಹಿಂತಿರುಗಿ, ನಡುವೆ ಮತ್ತೊಂದು ಕಿರಿಯ ಸುಳಿಯಾಗಿ ಮೇಲೇರಿ, ನೆತ್ತಿಯಿಂದ ಒಳಕ್ಕೆ ಇಳಿಬಿಟ್ಟಿರುವ ಕೊಳವೆಯ ಮೂಲಕ ಹೊರಹೋಗುತ್ತದೆ. ಹೊರಸುಳಿ ಇಳಿಯುವುದು, ಒಳಸುಳಿ ಏರುವುದು: ಈ ಎರಡೂ ಒಂದೇ ಪಾತ್ರೆಯಲ್ಲಿ ಏಕಕಾಲದಲ್ಲಿ ನಡೆಯುತ್ತಿರುತ್ತವೆ.

ಕಣದಲ್ಲಿ ಕಾಳನ್ನು ಸೆಳೆಯುತ್ತಿದ್ದುದು ಭೂಮಿಯ ಬಲ. ಇಲ್ಲಿ ಆ ಸ್ಥಾನಕ್ಕೆ ಕೇಂದ್ರಾಪಗಾಮಿ ಬಲ ಬಂದಿದೆ. ಅದರ ಪ್ರಮಾಣವನ್ನು ಲೆಕ್ಕಹಾಕುವುದು ಸುಲಭ: ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರಾಯಿತು. ಗಾಳಿ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಸುತ್ತುತ್ತಿದ್ದು, ಪಾತ್ರೆಯ ವ್ಯಾಸ 1 ಮೀಟರ್ ಆದರೆ, ಗೋಡೆಯ ಬಳಿಯ ಕಣದ ಮೇಲಿನ ಬಲ ಭೂಮಿಯ ಸೆಳೆತದ ಸುಮಾರು 46 ಪಟ್ಟಾಗುತ್ತದೆ. ಅದೇ ವೇಗದಲ್ಲಿ ವ್ಯಾಸ 16 ಸೆಂಟಿಮೀಟರ್ ಮಾತ್ರವಾದರೆ ಅದು ಸುಮಾರು 287 ಪಟ್ಟಿಗೆ ಏರುತ್ತದೆ. ಆದ್ದರಿಂದ ಗಿರಣಿಯ ದೊಡ್ಡ ಪಾತ್ರೆ ಹೊಟ್ಟಿನಂತಹ ದಪ್ಪ ಪದಾರ್ಥಕ್ಕೆ ಸಾಕು. ನವುರಾದ ಮರದ ಪುಡಿಗೆ ಕಿರಿಯ ಪಾತ್ರೆಯೇ ಮೇಲು. ವೇಗ ಅರ್ಧಕ್ಕೆ ಇಳಿದರೆ ಬಲ ಕಾಲುಭಾಗಕ್ಕೆ ಕುಸಿಯುತ್ತದೆಂಬುದನ್ನೂ ನೆನಪಿಡಬೇಕು.

ಮರಗೆಲಸದ ಕೊಠಡಿಯ ಪರಿಸ್ಥಿತಿ

ಹತ್ತರಿ ಹೊಡೆದಾಗ ಬರುವ ಸುರುಳಿ ನೆಲಕ್ಕೆ ಬೀಳುತ್ತದೆ. ಅದರಿಂದ ಅಷ್ಟು ಅಪಾಯವಿಲ್ಲ. ಯಂತ್ರದ ಗರಗಸ, ಉಜ್ಜುವ ಕಾಗದ, ಲೇತು ಇವುಗಳಿಂದ ಏಳುವ ಪುಡಿಯ ಮಾತು ಬೇರೆ. ಮದ್ದೂರಿಗೆ ನೆರೆಯ ಚನ್ನಪಟ್ಟಣದ ಬೊಂಬೆಯ ಕುಶಲಕರ್ಮಿಗಳು ಲೇತಿನ ಮುಂದೆ ದಿನವೆಲ್ಲ ಕುಳಿತು ದುಡಿಯುವುದನ್ನು ಕಂಡವರಿಗೆ ಆ ಧೂಳಿನ ಪರಿಚಯವಿರುತ್ತದೆ.

ಈ ಧೂಳನ್ನು ಹೀರಲು ಯಂತ್ರವಿದ್ದರೂ ಅದಕ್ಕೊಂದು ಸಹಜ ದೌರ್ಬಲ್ಯವಿದೆ. ಹೀರಿದ ಪುಡಿಯೆಲ್ಲ ಅದರೊಳಗಿನ ಶೋಧಕಕ್ಕೆ, ಅಂದರೆ ಗಾಳಿ ಸೋಸುವ ಬಟ್ಟೆ ಅಥವಾ ಕಾಗದದ ಪದರಕ್ಕೆ, ಮೆತ್ತಿಕೊಳ್ಳುತ್ತದೆ. ಮೆತ್ತಿದಂತೆಲ್ಲ ಗಾಳಿಗೆ ದಾರಿ ಕಿರಿದಾಗಿ ಸೆಳೆತ ತಗ್ಗುತ್ತದೆ. ಮೋಟರಿನ ಸದ್ದು ಮೊದಲಿನಂತೆಯೇ ಕೇಳುತ್ತಿರುವುದರಿಂದ ವಿದ್ಯಾರ್ಥಿಗೆ ಇದು ತಿಳಿಯುವುದಿಲ್ಲ. ಯಂತ್ರ ನಡೆಯುತ್ತಿದೆಯೆಂಬ ನಂಬಿಕೆಯಲ್ಲಿ ಅವನು ಕೆಲಸ ಮುಂದುವರಿಸುತ್ತಾನೆ. ಧೂಳು ಅವನ ಶ್ವಾಸಕೋಶವನ್ನು ಸೇರುತ್ತದೆ.

ಯಂತ್ರಕ್ಕೂ ಗರಗಸಕ್ಕೂ ನಡುವೆ ಸುಳಿಪಾತ್ರೆಯನ್ನು ಇಟ್ಟರೆ, ತೂಕದ ಲೆಕ್ಕದಲ್ಲಿ ಪುಡಿಯ ಬಹುಪಾಲು ಶೋಧಕವನ್ನು ತಲುಪುವ ಮೊದಲೇ ಡಬ್ಬಕ್ಕೆ ಬೀಳುತ್ತದೆ. ಶೋಧಕ ಬಹುಕಾಲ ತೆರೆದೇ ಇರುತ್ತದೆ; ಸೆಳೆತ ತಗ್ಗುವುದಿಲ್ಲ. ಡಬ್ಬ ತುಂಬಿದಾಗ ಮುಚ್ಚಳ ತೆಗೆದು ಪುಡಿಯನ್ನು ಚೀಲಕ್ಕೆ ಸುರಿದರೆ ಮುಗಿಯಿತು.

ರಚನೆಯ ಕ್ರಮ

ಪ್ಲಾಸ್ಟಿಕ್ಕಿನ ಸಿದ್ಧ ಸುಳಿಪಾತ್ರೆಗಳು ಈಗ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಆದರೆ ತಗಡಿನ ಕೆಲಸ ಬಲ್ಲವನಿಗೆ ಇದನ್ನು ಮಾಡುವುದು ಕಷ್ಟವಲ್ಲ. ಲ್ಯಾಪಲ್ ಎಂಬ ಅಮೆರಿಕದ ಎಂಜಿನಿಯರನ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಮಾಣಗಳು ಇದಕ್ಕೆ ಮಾರ್ಗದರ್ಶಕ. ಎಲ್ಲ ಅಳತೆಯೂ ದುಂಡುಭಾಗದ ವ್ಯಾಸವನ್ನೇ ಆಧರಿಸಿದೆ. ವ್ಯಾಸ 16 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಗಾಳಿ ಬರುವ ದ್ವಾರ 8 ಸೆಂಟಿಮೀಟರ್ ಎತ್ತರ, 4 ಸೆಂಟಿಮೀಟರ್ ಅಗಲ. ಗಾಳಿ ಹೊರಹೋಗುವ ಕೊಳವೆಯ ವ್ಯಾಸ 8 ಸೆಂಟಿಮೀಟರ್. ಅದು ನೆತ್ತಿಯಿಂದ ಒಳಕ್ಕೆ 10 ಸೆಂಟಿಮೀಟರ್ ಇಳಿದಿರಬೇಕು. ದುಂಡುಭಾಗದ ಎತ್ತರ 32, ಶಂಕುವಿನ ಎತ್ತರ 32, ತುದಿಯ ರಂಧ್ರ 4 ಸೆಂಟಿಮೀಟರ್. ಹೊರಕೊಳವೆಯ ಬಾಯಿ ದ್ವಾರದ ಕೆಳ ಅಂಚಿಗಿಂತ ಕೆಳಗಿರುವುದನ್ನು ಗಮನಿಸಬೇಕು. ಇಲ್ಲವಾದರೆ ಬಂದ ಧೂಳು ಸುತ್ತುವ ಮೊದಲೇ ನೇರವಾಗಿ ಹೊರಹೋದೀತು.

ಸೆಕೆಂಡಿಗೆ ಸುಮಾರು 50 ಲೀಟರ್ ಗಾಳಿಯನ್ನು ಸೆಳೆಯುವ ಯಂತ್ರಕ್ಕೆ ಈ ಅಳತೆ ಹೊಂದುತ್ತದೆ. ಆಗ ದ್ವಾರದಲ್ಲಿ ವೇಗ ಸೆಕೆಂಡಿಗೆ 15 ಮೀಟರ್ ಆಸುಪಾಸಿನಲ್ಲಿರುತ್ತದೆ. ಯಂತ್ರ ಚಿಕ್ಕದಾದರೆ ಪಾತ್ರೆಯೂ ಅದಕ್ಕೆ ತಕ್ಕಂತೆ ಚಿಕ್ಕದಾಗಬೇಕು. ಆದರೆ ತುದಿಯ ರಂಧ್ರ ಕಿರಿದಾದಷ್ಟೂ ಉದ್ದನೆಯ ಸುರುಳಿಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಹತ್ತರಿಯ ಸುರುಳಿಯನ್ನು ಪೊರಕೆಯಿಂದಲೇ ಗುಡಿಸುವುದು ಲೇಸು. ತಗಡಿನ ಒಳಮೈ ನುಣುಪಾಗಿರಬೇಕು. ರಿವೆಟ್ಟಿನ ತಲೆಯೋ ಬೆಸುಗೆಯ ಗಂಟೋ ಒಳಗೆ ಚಾಚಿದ್ದರೆ, ಜಾರುತ್ತಿರುವ ಪುಡಿ ಅದಕ್ಕೆ ತಗುಲಿ ಮತ್ತೆ ಗಾಳಿಗೆ ಸೇರುತ್ತದೆ.

ಗಿರಣಿಗೂ ಕೊಠಡಿಗೂ ಇರುವ ಭೇದ

ಗಿರಣಿಯನ್ನು ಹಾಗೆಯೇ ಅನುಕರಿಸಲಾಗದೆಂದು ಆರಂಭದಲ್ಲಿ ಹೇಳಿದುದರ ಕಾರಣ ಇಲ್ಲಿದೆ. ಹೊಟ್ಟಿನ ಸುಳಿಪಾತ್ರೆಯಲ್ಲಿ ಸಾಮಾನ್ಯವಾಗಿ ಪಂಖ ಮೊದಲು, ಪಾತ್ರೆ ಅನಂತರ. ಪಂಖ ಗಾಳಿಯನ್ನು ಒಳಕ್ಕೆ ತಳ್ಳುವುದರಿಂದ ತುದಿಯ ರಂಧ್ರ ತೆರೆದಿದ್ದರೂ ಬಾಧಕವಿಲ್ಲ. ಹೊಟ್ಟು ಧಾರಾಳವಾಗಿ ರಾಶಿಯ ಮೇಲೆ ಸುರಿಯುತ್ತದೆ. ಕೊಠಡಿಯ ಯಂತ್ರದಲ್ಲಾದರೋ ಪಾತ್ರೆ ಮೊದಲು, ಪಂಖ ಅನಂತರ. ಗಾಳಿಯನ್ನು ಇಲ್ಲಿ ತಳ್ಳುವುದಲ್ಲ, ಸೆಳೆಯುವುದು. ಆದುದರಿಂದ ಪಾತ್ರೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ. ತುದಿಯಲ್ಲಾಗಲಿ ಡಬ್ಬದ ಮುಚ್ಚಳದಲ್ಲಾಗಲಿ ಸಣ್ಣ ಸಂದಿಯಿದ್ದರೂ ಹೊರಗಿನ ಗಾಳಿ ಅಲ್ಲಿಂದ ನುಗ್ಗಿ, ಒಳಸುಳಿಯೊಡನೆ ಮೇಲೇರುತ್ತ, ಬಿದ್ದ ಪುಡಿಯನ್ನೆಲ್ಲ ಹೊತ್ತು ಶೋಧಕಕ್ಕೆ ಒಯ್ಯುತ್ತದೆ. ಸುಳಿಪಾತ್ರೆ ಫಲಕೊಡಲಿಲ್ಲವೆಂದು ದೂರುವವರು ಮೊದಲು ಪರೀಕ್ಷಿಸಬೇಕಾದದ್ದು ಈ ಸಂದಿಯನ್ನು. ಮುಚ್ಚಳದ ಸುತ್ತ ರಬ್ಬರಿನ ಪಟ್ಟಿ ಕೂರಿಸಿ, ಎಲ್ಲ ಜೋಡಣೆಗಳಿಗೂ ಗಾಳಿ ನುಸುಳದಂತೆ ಅಂಟು ಹಾಕಬೇಕು.

ಎರಡನೆಯದಾಗಿ, ಡಬ್ಬ ಗಟ್ಟಿಯಾಗಿರಬೇಕು. ಕೊಳವೆಯ ಬಾಯಿ ಮುಚ್ಚಿಹೋದಾಗ ಇಂಥ ಯಂತ್ರ 20 ಕಿಲೋಪಾಸ್ಕಲ್‌ವರೆಗೂ ನಿರ್ವಾತವನ್ನು ಉಂಟುಮಾಡಬಲ್ಲದು. 30 ಸೆಂಟಿಮೀಟರ್ ವ್ಯಾಸದ ಮುಚ್ಚಳದ ಮೇಲೆ ಆಗ ಬೀಳುವ ಹೊರಗಾಳಿಯ ಭಾರ ಸುಮಾರು 144 ಕಿಲೋಗ್ರಾಂ, ಅಂದರೆ ಇಬ್ಬರು ವಯಸ್ಕರು ಹತ್ತಿ ನಿಂತಷ್ಟು! ಬಣ್ಣದ ತೆಳು ಪ್ಲಾಸ್ಟಿಕ್ ಡಬ್ಬ ಇದಕ್ಕೆ ಮುದುಡಿಹೋಗುತ್ತದೆ. ಡಬ್ಬ ಮುಕ್ಕಾಲುಪಾಲು ತುಂಬುವುದರೊಳಗೆ ಬರಿದುಮಾಡಬೇಕು. ಪುಡಿ ಶಂಕುವಿನ ತುದಿಯವರೆಗೆ ಏರಿದರೆ ಸುಳಿ ಅದನ್ನು ಕೆದಕಿ ಮೇಲೆತ್ತುತ್ತದೆ.

ಮೂರನೆಯದು ಬೆಂಕಿಯ ಭಯ. ಒಣ ಪುಡಿ ಪ್ಲಾಸ್ಟಿಕ್ ಕೊಳವೆಗೆ ಉಜ್ಜಿ ಸಾಗುವಾಗ ಸ್ಥಾಯೀ ವಿದ್ಯುತ್ತು ಹುಟ್ಟಿ ಕೈಗೆ ಚುರುಕು ಮುಟ್ಟಿಸುತ್ತದೆ. ಪಾತ್ರೆಯನ್ನೂ ಕೊಳವೆಯನ್ನೂ ತಾಮ್ರದ ತಂತಿಯಿಂದ ನೆಲಕ್ಕೆ ಜೋಡಿಸುವುದು ವಿವೇಕ. ಇದಕ್ಕಿಂತ ಮುಖ್ಯವಾದುದು, ಕಬ್ಬಿಣ ಉಜ್ಜುವಾಗ ಹಾರುವ ಕಿಡಿಯನ್ನು ಇದೇ ಯಂತ್ರದಿಂದ ಎಂದಿಗೂ ಹೀರಬಾರದು. ಮರದ ಪುಡಿಯ ನಡುವೆ ಹೊಕ್ಕ ಕಿಡಿ ಗಂಟೆಗಟ್ಟಲೆ ಒಳಗೊಳಗೇ ಹೊಗೆಯಾಡಿ, ಶಾಲೆ ಮುಚ್ಚಿದ ಮೇಲೆ ಹೊತ್ತಿಕೊಳ್ಳಬಹುದು.

ಸುಳಿಪಾತ್ರೆಯ ಮಿತಿ

ಯಾವ ಸಾಧನದ ಗುಣವನ್ನು ಹೇಳಿದರೂ ಅದರ ಮಿತಿಯನ್ನು ಹೇಳದಿದ್ದರೆ ವಿವರಣೆ ಅಪೂರ್ಣ. ಮನುಷ್ಯನ ಕೂದಲೆಳೆಯ ದಪ್ಪ ಸುಮಾರು 70 ಮೈಕ್ರಾನ್. ಆ ಗಾತ್ರದ ಕಣಗಳು ಸುಳಿಪಾತ್ರೆಗೆ ಸುಲಭವಾಗಿ ಸಿಕ್ಕುತ್ತವೆ. ಕಣ ಕಿರಿದಾದಂತೆ ಹಿಡಿತ ಸಡಿಲುತ್ತದೆ. 5 ಮೈಕ್ರಾನಿಗಿಂತ ನವುರಾದವುಗಳಲ್ಲಿ ಬಹಳಷ್ಟು ಗಾಳಿಯೊಡನೆ ಪಾರಾಗುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವೂ ಅಂಥ ಕಣಗಳೇ. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳು ಹೆಚ್ಚು ಅಪಾಯಕರ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು 1995ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿದೆ. ಮೂಗಿನ ಕುಹರದ ಕ್ಯಾನ್ಸರಿಗೂ ಅದಕ್ಕೂ ಇರುವ ಸಂಬಂಧ ಸ್ಥಿರಪಟ್ಟಿದೆ.

ಹೀಗಿರುವಾಗ, ಸುಳಿಪಾತ್ರೆ ಬಂದಿತೆಂದು ಶೋಧಕವನ್ನು ತೆಗೆದುಹಾಕುವುದು ಅನರ್ಥಕ್ಕೆ ಹಾದಿ. ಸುಳಿಪಾತ್ರೆ ಕಾಯುವುದು ಶೋಧಕವನ್ನು. ಶೋಧಕ ಕಾಯುವುದು ಮನುಷ್ಯನನ್ನು. ಈ ಕ್ರಮ ತಪ್ಪಬಾರದು. ದಪ್ಪ ಪುಡಿಯ ಹೊರೆ ಇಳಿದುದರಿಂದ ಈಗ ನವುರಾದ, ಒಳ್ಳೆಯ ದರ್ಜೆಯ ಶೋಧಕವನ್ನು ನಿಶ್ಚಿಂತೆಯಿಂದ ಬಳಸಬಹುದು. ಅದನ್ನೂ ಆಗಾಗ ಕೊಠಡಿಯ ಹೊರಗೆ ಶುಚಿಮಾಡುತ್ತಿರಬೇಕು. ಉಜ್ಜುವ ಕೆಲಸದಲ್ಲಿ ಮೂಗು ಬಾಯಿಗಳಿಗೆ ಮುಖಗವಸು ಇರಲೇಬೇಕು.

ಶಾಲೆಗಳಿಗೆ ಗರಗಸವನ್ನೋ ಲೇತನ್ನೋ ಉದಾರವಾಗಿ ನೀಡುವ ದಾನಿಗಳು ನಮ್ಮ ಜಿಲ್ಲೆಯಲ್ಲಿ ಹಲವರಿದ್ದಾರೆ. ಯಂತ್ರವು ಎಲ್ಲರ ಕಣ್ಣಿಗೆ ಬೀಳುತ್ತದೆ. ಅದರ ಮೇಲೆ ದಾನಿಯ ಹೆಸರನ್ನೂ ಬರೆಸಬಹುದು. ಧೂಳು ಹಿಡಿಯುವ ತಗಡಿನ ಪಾತ್ರೆಗೆ ಅಂಥ ಶೋಭೆಯಿಲ್ಲ. ಆದರೂ ಕೊಡುವ ಪ್ರತಿಯೊಂದು ಯಂತ್ರದ ಜೊತೆಗೆ ಅದರ ಧೂಳನ್ನು ಹಿಡಿಯುವ ಸಾಧನವೂ ಸೇರಿದ್ದರೆ ಮಾತ್ರ ಆ ದಾನ ಪೂರ್ಣ. ತಗಡನ್ನು ಕತ್ತರಿಸಿ ಶಂಕುವಾಗಿ ಮಡಿಸುವುದು ವಿದ್ಯಾರ್ಥಿಗಳಿಗೆ ರೇಖಾಗಣಿತದ ಪಾಠ. ಬಲವನ್ನು ಲೆಕ್ಕಹಾಕುವುದು ಭೌತಶಾಸ್ತ್ರದ ಪಾಠ. ಸಂದಿಯನ್ನು ಹುಡುಕಿ ಮುಚ್ಚುವುದು ತಾಳ್ಮೆಯ ಪಾಠ. ಉಪಾಧ್ಯಾಯರು ಮನಸ್ಸುಮಾಡಿದರೆ ಸುಳಿಪಾತ್ರೆಯನ್ನು ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಬಹುದು. ಕಸುಬನ್ನು ಕಲಿಯಲು ಬಂದ ಮಗುವಿಗೆ ಕಸುಬಿನೊಡನೆ ರೋಗವನ್ನೂ ಕೊಟ್ಟು ಕಳುಹಿಸದಿರುವುದು ವಿದ್ಯಾಸಂಸ್ಥೆಯ ಮೊದಲ ಕರ್ತವ್ಯ.