ಹೊಳೆ ಇಳಿದ ಮೇಲೆ

ಮಲಪ್ರಭೆಯ ದಂಡೆಯ ಜನರು ಪ್ರವಾಹವೆಂದು ಹೇಳುವುದಿಲ್ಲ, 'ಹೊಳೆ ಬಂತು' ಎನ್ನುತ್ತಾರೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿ ಮುನವಳ್ಳಿ, ರಾಮದುರ್ಗ, ಪಟ್ಟದಕಲ್ಲು, ಐಹೊಳೆಗಳನ್ನು ಹಾಯ್ದು ಕಮತಗಿಯ ಸೀಮೆಗೆ ಬಂದು, ಮುಂದೆ ಬಸವಣ್ಣನವರು ಐಕ್ಯರಾದ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ನವಿಲುತೀರ್ಥದ ಜಲಾಶಯ ತುಂಬಿ ನೀರು ಬಿಟ್ಟರೆ ರಾಮದುರ್ಗದವರಿಗೆ ಅದು ಮೊದಲು ತಿಳಿಯುತ್ತದೆ, ನಮಗೆ ಆಮೇಲೆ. ಡಂಗುರಕ್ಕಿಂತ ಮೊದಲೇ ಮೇಲಿನ ಊರಿನ ಬೀಗರ ದೂರವಾಣಿ ಕರೆ ಬಂದರೆ ದನಕರುಗಳ ಹಗ್ಗ ಬಿಚ್ಚಲು, ಜೋಳದ ಚೀಲಗಳನ್ನು ಎತ್ತಿಡಲು ಸಮಯ ಸಿಗುತ್ತದೆ. ನೆಂಟಸ್ತಿಕೆಯೂ ಒಂದು ಪರಿಹಾರಕಾರ್ಯವೇ ಎಂಬುದನ್ನು ನಾವು ಮರೆಯಬಾರದು.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆಗೆ ಉತ್ತರ ಕರ್ನಾಟಕವೇ ನಲುಗಿತು. ಹತ್ತು ವರ್ಷಗಳ ತರುವಾಯ, 2019ರ ಆಗಸ್ಟಿನಲ್ಲಿ, ಪಟ್ಟದಕಲ್ಲಿನ ದೇವಾಲಯಗಳ ಅಂಗಳದಲ್ಲಿಯೇ ನೀರು ನಿಂತಿತು. ಅದೇ ವರ್ಷ ಅಕ್ಟೋಬರಿನಲ್ಲಿ ಹೊಳೆ ಮತ್ತೆ ಬಂತು. ಮೊದಲ ಹೊಳೆಗೆ ಓಗೊಟ್ಟ ದೂರದ ದಾನಿಗಳು ಎರಡನೆಯದಕ್ಕೂ ಬರುವರೆಂದು ನೆಚ್ಚಿಕೊಂಡು ಕೂಡ್ರಲಾಗದು. ಎರಡನೆಯದಕ್ಕೆ ನಿಲ್ಲಬೇಕಾದವರು ನೆರೆಯೂರಿನವರೇ.

ಸಂತ್ರಸ್ತರಿಗೆಂದು ನಮ್ಮ ಹಳ್ಳಿಗಳ ತಾಯಂದಿರು ಮನೆಮನೆಯಲ್ಲಿ ರೊಟ್ಟಿ ಬಡಿದು ಕಳಿಸಿದ್ದು ಯಾವ ಆದೇಶದಿಂದಲೂ ಅಲ್ಲ. ಬೇಯಿಸಿದ ಅನ್ನ ಸಂಜೆಯೊಳಗೆ ಹಳಸುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ವಾರಗಟ್ಟಲೆ ಇರುತ್ತವೆ, ಒಲೆ ಹೊತ್ತಿಸಲು ಒಣ ಕಟ್ಟಿಗೆ ಇಲ್ಲದವನ ಹಸಿವನ್ನೂ ತಣಿಸುತ್ತವೆ. ಇದು ಈ ನೆಲವನ್ನು ಬಲ್ಲವರಿಗೆ ಮಾತ್ರ ಹೊಳೆಯುವ ವಿವೇಕ.

ಆದರೆ ಎಲ್ಲ ದಾನವೂ ಹೀಗೆ ವಿವೇಕದ್ದಾಗಿರುವುದಿಲ್ಲ. ಹರಕು ಬಟ್ಟೆಗಳ ಗಂಟುಗಳು ಪರಿಹಾರ ಕೇಂದ್ರಗಳ ಮೂಲೆಯಲ್ಲಿ ಕೊಳೆತದ್ದನ್ನೂ, ಒಂದು ಸೀರೆಯನ್ನು ಹತ್ತು ಕೈಗಳು ಹಿಡಿದು ಭಾವಚಿತ್ರ ತೆಗೆಸಿಕೊಂಡದ್ದನ್ನೂ ಕಂಡವರಿದ್ದಾರೆ. ಆಯ್ದಕ್ಕಿ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದುಬರಲು ಕಳಿಸಿದ ಕಥೆಯನ್ನು ಮಕ್ಕಳಿಗೆ ಹೇಳುವ ನಾವು, ಬೇಕಾದುದೆಷ್ಟು ಎಂದು ಕೇಳದೆ ಲಾರಿ ತುಂಬುವುದು ದಾಸೋಹವಾದೀತೆ?

ನಮ್ಮದು ನೇಕಾರಿಕೆಯ ಸೀಮೆ. ಕಮತಗಿ, ಗುಳೇದಗುಡ್ಡ, ಇಳಕಲ್ಲಿನ ಕುಣಿಮಗ್ಗಗಳಲ್ಲಿ ನೇಕಾರನು ನೆಲದ ಕುಣಿಯೊಳಗೆ ಕಾಲಿಳಿಸಿ ಕುಳಿತು ನೇಯುತ್ತಾನೆ. ಮನೆಯೊಳಗೆ ಮೊಣಕಾಲುದ್ದ ನೀರು ಬಂದರೂ ಮೊದಲು ತುಂಬುವುದು ಆ ಕುಣಿಯೇ. ಮಗ್ಗಕ್ಕೆ ಏರಿಸಿದ ಹಾಸು ಕೆಡುತ್ತದೆ, ಕಟ್ಟಿಗೆ ಉಬ್ಬುತ್ತದೆ, ನೆಲ ಒಣಗುವವರೆಗೆ ಕಾಯಕ ನಿಲ್ಲುತ್ತದೆ. ಗೋಡೆ ಬಿದ್ದಿಲ್ಲವಾದ್ದರಿಂದ ಹೊರಗಿನವರ ಕಣ್ಣಿಗೆ ಅದು ಹಾನಿಯಾಗಿಯೇ ಕಾಣದು. ಇಂಥವನಿಗೆ ಅಕ್ಕಿಯ ಚೀಲಕ್ಕಿಂತ ನೂಲು, ರೇಷ್ಮೆ ಕೊಳ್ಳಲು ಬಡ್ಡಿಯಿಲ್ಲದ ಕೈಗಡ ದೊಡ್ಡ ನೆರವು. ಅದನ್ನು ಕೊಡಬಲ್ಲವರು ಅವನ ಓಣಿಯ ಅನುಕೂಲಸ್ಥರು.

2019ರಲ್ಲಿ ಸರಕಾರವು ಮನೆಗೆ ನೀರು ನುಗ್ಗಿದ ಕುಟುಂಬಕ್ಕೆ 10,000 ರೂಪಾಯಿಗಳನ್ನೂ, ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳನ್ನೂ ಘೋಷಿಸಿತು. ಸಣ್ಣ ಮೊತ್ತವಲ್ಲ. ಆದರೆ ಪಡಿತರ ಚೀಟಿ, ಉತಾರಗಳು ನೀರುಪಾಲಾದವರು ಏನು ತೋರಿಸಬೇಕು? ಬಾಡಿಗೆ ಮನೆಯಲ್ಲಿ ಮಗ್ಗ ಹೂಡಿದವನ ಹೆಸರು ಯಾವ ಕಾಗದದಲ್ಲಿದೆ? ಓದಿದ ನಮ್ಮ ತರುಣರು ಒಂದೊಂದು ಓಣಿಗೆ ಹೋಗಿ ಅರ್ಜಿ ಬರೆದುಕೊಟ್ಟರೆ ಅದಕ್ಕೆ ಖರ್ಚಿಲ್ಲ. ಅರ್ಜಿ ಬರೆಯುವಾಗ ಜಾತಿ ಕೇಳಬೇಕಾಗಿಲ್ಲ. ಹೊಳೆಗೆ ತೀರ ಹತ್ತಿರವಿರುವ ಗುಡಿಸಲುಗಳಲ್ಲಿ ಲಿಂಗವಂತರು ಕಡಿಮೆ, ಆದರೂ ಮೊದಲು ಹೋಗಬೇಕಾದ್ದು ಅಲ್ಲಿಗೇ.

2009ರ ನಂತರ 'ಆಸರೆ' ಯೋಜನೆಯಲ್ಲಿ ಸರಕಾರವೂ ದಾನಿಗಳೂ ಎತ್ತರದ ನೆಲದಲ್ಲಿ ಮನೆಗಳನ್ನು ಕಟ್ಟಿಸಿದರು. ಎಷ್ಟೋ ಕಡೆ ಅವು ಬರಿದಾಗಿಯೇ ಉಳಿದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಮಗ್ಗಕ್ಕೆ ಇಂಬಿಲ್ಲ. 2019ರಲ್ಲಿ ಹಳೆಯ ಮನೆಗಳಿಗೇ ಮತ್ತೆ ನೀರು ನುಗ್ಗಿತು. ನಕ್ಷೆ ಬರೆಯುವ ಮೊದಲು ಊರ ಹಿರಿಯರನ್ನೂ ಹೆಂಗಸರನ್ನೂ ಕೂಡಿಸಿ ಕೇಳಿದ್ದರೆ ಆ ಗೋಡೆಗಳು ವ್ಯರ್ಥವಾಗುತ್ತಿರಲಿಲ್ಲ.

ಹೊಳೆ ಬರುವ ಕಾಲ ಹೆಚ್ಚಾಗಿ ಶ್ರಾವಣ. ಮಠಗಳಲ್ಲಿ ಪ್ರವಚನ ನಡೆಯುವ, ಮನೆಮಂದಿಯೆಲ್ಲ ಕೂಡುವ ಕಾಲವೂ ಅದೇ. ಮೊದಲ ದಿನದ ಮಂಗಲದ ಬಳಿಕ ಅರ್ಧ ಗಂಟೆ ಸಾಕು: ಹಾಸಿಗೆ ಹಿಡಿದವರು, ಬಸುರಿಯರು, ಒಂಟಿ ಮುದುಕಿಯರು ಯಾವ ಮನೆಯಲ್ಲಿದ್ದಾರೆ, ಟ್ರ್ಯಾಕ್ಟರ್ ಯಾರದು, ದಾಸೋಹದ ಮನೆಯ ಹಂಡೆಗಳೆಷ್ಟು, ಶಾಲೆಯ ಕೀಲಿ ಯಾರ ಕೈಯಲ್ಲಿದೆ ಎಂದು ಬರೆದುಕೊಂಡು ಓದಿ ಹೇಳಬಹುದು. ಆ ಹಾಳೆಯ ಒಂದು ಪ್ರತಿ ಮಠದಲ್ಲಿರಲಿ, ಇನ್ನೊಂದು ಪಟ್ಟಣ ಪಂಚಾಯಿತಿಯಲ್ಲಿ.