ಮೀನಿಗೆ ಹತ್ತೇ ನಿಮಿಷ

ನಗರದ ಗೃಹಿಣಿಗೆ ಮೀನಿನ ಅಡಿಗೆಯೆಂದರೆ ಎರಡು ಭಯ. ಒಂದು, ಮನೆಯೆಲ್ಲ ಹಬ್ಬುವ ವಾಸನೆ. ಇನ್ನೊಂದು, ಬೆಲೆ ಕೊಟ್ಟು ತಂದ ಮೀನು ಕೆಟ್ಟುಹೋದೀತೆಂಬ ಅಂಜಿಕೆ. ಈ ಭಯದಿಂದಲೇ ಆಕೆ ಮಸಾಲೆಯನ್ನು ಇನ್ನಷ್ಟು ಸುರಿಯುತ್ತಾಳೆ. ‘ಇನ್ನೂ ಸ್ವಲ್ಪ ಬೇಯಲಿ’ ಎಂದು ಪಾತ್ರೆಯನ್ನು ಒಲೆಯ ಮೇಲೆಯೇ ಬಿಡುತ್ತಾಳೆ. ಊಟಕ್ಕೆ ಕುಳಿತಾಗ ಮಸಾಲೆಯೇನೋ ರುಚಿಯಾಗಿರುತ್ತದೆ. ಮೀನು ಮಾತ್ರ ಒಣಗಿ ಬೆಂಡಾಗಿರುತ್ತದೆ. ತಪ್ಪು ಮಸಾಲೆಯದಲ್ಲ, ಮೀನಿನದೂ ಅಲ್ಲ, ತಪ್ಪು ಗಡಿಯಾರದ್ದು.

ಪೂರ್ವದೇಶಗಳ ಕಡಲತೀರದ ಜನ ಈ ಗಡಿಯಾರದ ಗುಟ್ಟನ್ನು ಚೆನ್ನಾಗಿ ಬಲ್ಲರು. ಚೀನದ ಕ್ಯಾಂಟನ್ ಪ್ರಾಂತ, ಥಾಯ್ಲೆಂಡ್, ಜಪಾನ್ - ಇವುಗಳ ಭಾಷೆ ಬೇರೆ, ಊಟದ ರೀತಿ ಬೇರೆ. ಆದರೆ ಮೀನನ್ನು ಕಂಡಾಗ ಮೂವರೂ ಹೇಳುವ ಮಾತು ಒಂದೇ: ತಾಜಾ ಮೀನನ್ನು ತನ್ನಿ, ಸ್ವಲ್ಪವೇ ಬೇಯಿಸಿ, ಬೇಗನೆ ಬಡಿಸಿ. ಈ ಮೂರು ನಾಡುಗಳ ಮೂರು ಸರಳ ಅಡಿಗೆಗಳನ್ನು ನಮ್ಮ ಮನೆಯ ಪಾತ್ರೆಗಳಲ್ಲಿಯೇ ಮಾಡಿಕೊಳ್ಳಬಹುದು.

ಬೇಗ ಬೇಯುವುದೇಕೆ?

ನೆಲದ ಮೇಲೆ ನಡೆಯುವ ಪ್ರಾಣಿ ತನ್ನ ಭಾರವನ್ನು ತಾನೇ ಹೊರಬೇಕು. ಆದುದರಿಂದ ಅದರ ಮಾಂಸವನ್ನು ಗಟ್ಟಿಯಾದ ನಾರುಗಳು ಬಿಗಿದು ಕಟ್ಟಿರುತ್ತವೆ. ಅವು ಕರಗಲು ಗಂಟೆಗಟ್ಟಲೆ ಬೇಯಬೇಕು. ಮೀನಿನ ಭಾರವನ್ನಾದರೋ ನೀರೇ ಹೊರುತ್ತದೆ. ಅದರ ಮೈಯಲ್ಲಿ ಅಂಥ ನಾರು ಅತ್ಯಲ್ಪ. ಇರುವುದೂ ಸ್ವಲ್ಪ ಶಾಖಕ್ಕೇ ಕರಗಿಬಿಡುತ್ತದೆ. ಒಳಗಿನ ಶಾಖ ೬೩ ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಮೀನು ಬೆಂದಂತೆಯೇ. ಅಲ್ಲಿಂದ ಮುಂದೆ ಬೇಯಿಸುವ ಒಂದೊಂದು ನಿಮಿಷವೂ ಅದರ ರಸವನ್ನು ಹಿಂಡಿ ತೆಗೆಯುತ್ತದೆ.

ವಾಸನೆಗೂ ಕಾರಣವಿದೆ. ಕಡಲ ಮೀನಿನ ಮೈಯಲ್ಲಿ ವಾಸನೆಯೇ ಇಲ್ಲದ ಒಂದು ವಸ್ತುವಿದೆ. ಮೀನು ಸತ್ತ ಬಳಿಕ ಸೂಕ್ಷ್ಮಜೀವಿಗಳು ಅದನ್ನು ಟ್ರೈಮೀಥೈಲಮೀನ್ ಎಂಬ ನಾರುವ ವಸ್ತುವಾಗಿ ಮಾರ್ಪಡಿಸುತ್ತವೆ. ಹುಳಿ ಸೋಕಿದರೆ ಅದು ಗಾಳಿಗೆ ಹಾರದೆ ಅಲ್ಲಿಯೇ ಕಟ್ಟಿಬೀಳುತ್ತದೆ. ಥಾಯಿ ಜನ ಮೀನಿಗೆ ನಿಂಬೆ ಹಿಂಡುವುದು, ನಮ್ಮ ಕರಾವಳಿಯವರು ಹುಣಸೆ, ಪುನರ್ಪುಳಿ, ಬಿಂಬುಳಿಗಳನ್ನು ಹಾಕುವುದು, ಬರಿಯ ರುಚಿಗಾಗಿ ಅಲ್ಲ.

ದಕ್ಷಿಣ ಕನ್ನಡದ ಅಜ್ಜಿಯರಿಗೆ ಗಡಿಯಾರದ ಗುಟ್ಟೂ ಹೊಸದಲ್ಲ. ಮೊದಲು ಮಸಾಲೆ ಚೆನ್ನಾಗಿ ಕುದಿಯಬೇಕು. ಮೀನು ಬೀಳುವುದು ಕಡೆಗೆ. ಬಿದ್ದ ಮೇಲೆ ಸೌಟು ಆಡಿಸದೆ, ಪಾತ್ರೆಯನ್ನೇ ಹಿಡಿದು ಮೆಲ್ಲನೆ ತಿರುಗಿಸುವುದು ಅವರ ಪದ್ಧತಿ.

ಇಡ್ಲಿ ಪಾತ್ರೆಯಲ್ಲಿ ಕ್ಯಾಂಟನ್

ಕ್ಯಾಂಟನ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಇಡೀ ಮೀನನ್ನು ಹಬೆಯಲ್ಲಿ ಬೇಯಿಸುವುದು ಅಡಿಗೆಯವನ ಕೈಗೆ ಒಡ್ಡುವ ಪರೀಕ್ಷೆ. ಚೀನೀ ಭಾಷೆಯಲ್ಲಿ ‘ಮೀನು’ ಮತ್ತು ‘ಸಮೃದ್ಧಿ’ ಎಂಬ ಎರಡು ಮಾತುಗಳ ಉಚ್ಚಾರಣೆ ಒಂದೇ. ಅದರಿಂದಲೇ ಹೊಸ ವರ್ಷದ ಊಟದಲ್ಲಿ ಇಡೀ ಮೀನು ಇರಬೇಕು, ಮರುದಿನಕ್ಕೆ ಸ್ವಲ್ಪ ಮಿಗಬೇಕು ಎಂಬುದು ಅವರ ವಾಡಿಕೆ.

ಅರ್ಧ ಕಿಲೋ ತೂಕದ ಮಾಂಜಿಯನ್ನು, ಎಂದರೆ ಪಾಂಫ್ರೆಟ್ ಮೀನನ್ನು, ಶುಚಿಮಾಡಿಸಿ ಎರಡೂ ಪಕ್ಕಗಳಲ್ಲಿ ಮೂರು ಮೂರು ಗೀರು ಹಾಕಬೇಕು. ತುಸು ಉಪ್ಪು ಸವರಿ, ಶುಂಠಿಯ ಬಿಲ್ಲೆಗಳನ್ನು ಮೇಲೆಯೂ ಕೆಳಗೂ ಇಟ್ಟು, ಅಂಚುಳ್ಳ ತಟ್ಟೆಯಲ್ಲಿ ಮಲಗಿಸಬೇಕು. ಇಡ್ಲಿ ಪಾತ್ರೆಯ ತಟ್ಟೆಗಳನ್ನು ತೆಗೆದು, ತಳದಲ್ಲಿ ಒಂದು ಸಿಂಬಿಯನ್ನೋ ಬಟ್ಟಲನ್ನೋ ಇಟ್ಟರೆ ಮೀನಿನ ತಟ್ಟೆ ಅದರ ಮೇಲೆ ಕೂರುತ್ತದೆ. ಪಾತ್ರೆ ಕಿರಿದಾದರೆ ಮೀನನ್ನು ಎರಡು ತುಂಡು ಮಾಡಬಹುದು. ನೀರು ಚೆನ್ನಾಗಿ ಕುದಿದ ಮೇಲೆಯೇ ತಟ್ಟೆ ಇಡಬೇಕು. ಎಂಟರಿಂದ ಹತ್ತು ನಿಮಿಷ ಸಾಕು. ದಪ್ಪನೆಯ ಭಾಗಕ್ಕೆ ಕಡ್ಡಿ ಚುಚ್ಚಿದಾಗ ತಡೆಯಿಲ್ಲದೆ ಇಳಿದು, ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ಬಿಟ್ಟುಕೊಂಡರೆ ಮೀನು ಸಿದ್ಧ.

ಮುಖ್ಯವಾದ ಮಾತು ಇನ್ನು ಬರುತ್ತದೆ. ತಟ್ಟೆಯಲ್ಲಿ ಇಳಿದ ನೀರನ್ನು ಚೆಲ್ಲಿಬಿಡಬೇಕು. ವಾಸನೆಯೆಲ್ಲ ಇರುವುದು ಅದರಲ್ಲಿ. ಬಳಿಕ ದಾರದಂತೆ ಸೀಳಿದ ಶುಂಠಿ ಮತ್ತು ಈರುಳ್ಳಿ ಸೊಪ್ಪನ್ನು ಹರಡಿ, ಎರಡು ಚಮಚ ಎಣ್ಣೆಯನ್ನು ಹೊಗೆಯಾಡುವಂತೆ ಕಾಯಿಸಿ ಮೇಲೆ ಸುರಿದರೆ ಚುರ್ರೆಂದು ಪರಿಮಳ ಏಳುತ್ತದೆ. ಚಿಟಿಕೆ ಸಕ್ಕರೆ ಬೆರೆಸಿದ ಎರಡು ಚಮಚ ಸೋಯಾ ಸಾಸ್ ಹಾಕಿ ಬಿಸಿ ಅನ್ನದೊಡನೆ ಬಡಿಸಬಹುದು. ಇದಕ್ಕೆ ಮಸಾಲೆ ಅರೆಯುವ ಕೆಲಸವೇ ಇಲ್ಲ.

ಥಾಯಿ ಜನರ ತಿಳಿಸಾರು

‘ಟೋಮ್ ಯಾಮ್ ಕುಂಗ್’ ಥಾಯ್ಲೆಂಡಿನ ಸಿಗಡಿಯ ಸಾರು. ‘ಟೋಮ್’ ಎಂದರೆ ಕುದಿಸುವುದು, ‘ಯಾಮ್’ ಎಂದರೆ ಹುಳಿ ಖಾರ ಬೆರೆತ ಕಲಸು, ‘ಕುಂಗ್’ ಎಂದರೆ ಸಿಗಡಿ. ಯುನೆಸ್ಕೋ ಸಂಸ್ಥೆ ೨೦೨೪ರಲ್ಲಿ ಇದನ್ನು ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾಲ್ವರಿಗೆ ಕಾಲು ಕಿಲೋ ಸಿಗಡಿ ಸಾಕು. ಸುಲಿದ ಸಿಪ್ಪೆ ಮತ್ತು ತಲೆಗಳನ್ನು ಎಸೆಯಬಾರದು. ಒಂದು ಚಮಚ ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ, ಒಂದು ಲೀಟರ್ ನೀರು ಹೊಯ್ದು, ಕಾಲು ಗಂಟೆ ಕುದಿಸಿ ಸೋಸಿಕೊಳ್ಳಬೇಕು. ಈ ನೀರಿಗೆ ಜಜ್ಜಿದ ಮಜ್ಜಿಗೆ ಹುಲ್ಲಿನ ಎರಡು ದಂಟು, ದುಂಪರಾಸ್ಮೆಯ ನಾಲ್ಕೈದು ಬಿಲ್ಲೆ, ನಾಲ್ಕು ನಿಂಬೆ ಎಲೆ ಹಾಕಿ ಐದು ನಿಮಿಷ ಕುದಿಸಬೇಕು. ದುಂಪರಾಸ್ಮೆ ಸಿಗದಿದ್ದರೆ ಶುಂಠಿಯಿಂದ ತೃಪ್ತಿಪಡಬಹುದು, ಪರಿಮಳ ಮಾತ್ರ ಬೇರೆಯಾಗುತ್ತದೆ. ಒಂದು ಹಿಡಿ ಅಣಬೆ ಬೆಂದ ಮೇಲೆ ಸಿಗಡಿಯನ್ನು ಬಿಟ್ಟು ಎರಡೇ ನಿಮಿಷ ಎಣಿಸಬೇಕು. ಸಿಗಡಿಯ ಚಿಪ್ಪಿನಲ್ಲಿ ಅಡಗಿರುವ ಕೆಂಬಣ್ಣ ಶಾಖ ತಗುಲಿದೊಡನೆ ಬಿಡುಗಡೆಯಾಗುವುದರಿಂದ ಅದು ಕೆಂಪೇರುತ್ತದೆ. ಸಿಗಡಿ ಅರ್ಧಚಂದ್ರದಂತೆ ಬಾಗಿದರೆ ಹದ. ಉಂಗುರದಂತೆ ಸುತ್ತಿಕೊಂಡರೆ ಹದ ಮೀರಿತೆಂದು ತಿಳಿಯಬೇಕು.

ಪಾತ್ರೆಯನ್ನು ಕೆಳಗಿಳಿಸಿದ ಮೇಲೆಯೇ ಜಜ್ಜಿದ ಹಸಿಮೆಣಸಿನಕಾಯಿ, ಎರಡು ನಿಂಬೆಯ ರಸ, ಎರಡು ಚಮಚ ಮೀನಿನ ಸಾಸ್ ಹಾಕಬೇಕು. ನಿಂಬೆರಸ ಕುದಿದರೆ ಅದರ ಪರಿಮಳ ಹಾರಿಹೋಗುತ್ತದೆ. ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ತೆಗೆದ ಆ ಸಾಸ್ ಇಲ್ಲದಿದ್ದರೆ ಉಪ್ಪಿನಿಂದಲೂ ಕೆಲಸ ಸಾಗುತ್ತದೆ.

ಉಪ್ಪು, ಬೆಂಕಿ, ಬಂಗುಡೆ

ಮೂರನೆಯದು ಬಡವನ ಮೀನಿಗೆ ಜಪಾನಿಗಳು ಮಾಡುವ ಮರ್ಯಾದೆ. ‘ಶಿಯೋಯಾಕಿ’ ಎಂದರೆ ಉಪ್ಪು ಹಚ್ಚಿ ಸುಡುವುದು. ಎರಡು ಬಂಗುಡೆಗಳಿಗೆ ಗೀರು ಹಾಕಿ, ಒಂದು ಚಮಚ ಉಪ್ಪನ್ನು ಸವರಿ ಇಪ್ಪತ್ತು ನಿಮಿಷ ಬಿಡಬೇಕು. ಉಪ್ಪು ಎಳೆದ ನೀರಿನೊಡನೆ ವಾಸನೆಯೂ ಹೊರಬರುತ್ತದೆ. ಅದನ್ನು ಬಟ್ಟೆಯಿಂದ ಒರೆಸಿಬಿಡಬೇಕು. ಬಳಿಕ ಚೆನ್ನಾಗಿ ಕಾದ ಕಬ್ಬಿಣದ ಕಾವಲಿಯ ಮೇಲೆ ಸ್ವಲ್ಪ ಎಣ್ಣೆ ಸವರಿ, ಒಂದೊಂದು ಮಗ್ಗುಲನ್ನು ನಾಲ್ಕು ನಿಮಿಷ ಸುಟ್ಟರಾಯಿತು. ತುರಿದ ಮೂಲಂಗಿ ಮತ್ತು ನಿಂಬೆಯ ಹೋಳು ಇದರ ಜೊತೆಗಾರರು.

ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ರುಚಿ ಹೇಗೆ? ಕಡಲ ಪಾಚಿಯ ಸಾರಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ೧೯೦೮ರಲ್ಲಿ ಕಂಡುಹಿಡಿದ ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆಡ, ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಒಣಮೀನಿನಲ್ಲೂ ಅಂಥದೇ ಇನ್ನೊಂದು ವಸ್ತುವಿದೆಯೆಂದು ೧೯೧೩ರಲ್ಲಿ ಶಿಂತಾರೋ ಕೊದಾಮ ತೋರಿಸಿದರು. ಮೀನು ತನ್ನ ರುಚಿಯನ್ನು ತಾನೇ ಹೊತ್ತು ಬರುತ್ತದೆ. ಅದನ್ನು ಕೆಡಿಸದಿರುವುದೇ ಅಡಿಗೆಯ ಜಾಣ್ಮೆ.

ಒಲೆ ಹಚ್ಚುವ ಮೊದಲು

ಕಡಿಮೆ ಬೇಯಿಸುವ ಅಡಿಗೆಗೆ ಒಳ್ಳೆಯ ಮೀನೇ ಬೇಕು. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದ ಕುಳಿ ಕೂಡಲೇ ಮೇಲೇಳಬೇಕು. ಬಂಗುಡೆಯ ಜಾತಿಯ ಮೀನಂತೂ ಹಿಮವಿಲ್ಲದೆ ಬೆಚ್ಚಗೆ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ವಿಷವಸ್ತು ಬೆಳೆಯುತ್ತದೆ. ಎಷ್ಟು ಬೇಯಿಸಿದರೂ ಅದು ನಾಶವಾಗದು. ತಿಂದವರ ಮುಖ ಕೆಂಪೇರಿ, ಮೈಯಲ್ಲಿ ದದ್ದುಗಳೆದ್ದು, ತಲೆ ಸಿಡಿಯುತ್ತದೆ. ಸಂಶಯ ಬಂದ ಮೀನನ್ನು ಮಸಾಲೆಯಲ್ಲಿ ಮುಚ್ಚುವುದಕ್ಕಿಂತ ಅಂಗಡಿಯಲ್ಲೇ ಬಿಟ್ಟುಬರುವುದು ಲೇಸು. ಜಪಾನಿಗಳಂತೆ ಹಸಿಮೀನು ತಿನ್ನುವ ಸಾಹಸವನ್ನೂ ಪೇಟೆಯ ಮೀನಿನೊಡನೆ ಮನೆಯಲ್ಲಿ ಮಾಡಬಾರದು, ಅದರಲ್ಲಿ ಹುಳುಗಳಿರಬಹುದು. ಸಿಗಡಿ ಮೈಗೆ ಒಗ್ಗದವರೂ ಉಂಟು. ಅತಿಥಿಗಳಿಗೆ ಬಡಿಸುವ ಮುನ್ನ ಕೇಳುವುದು ಕ್ಷೇಮ.

ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನ, ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ‘ತಾಜಾ’ ಎಂಬ ಮಾತನ್ನು ನಂಬುವ ಮೊದಲು ಕಿವಿರನ್ನು ಇನ್ನೊಮ್ಮೆ ಎತ್ತಿ ನೋಡುವುದು ಒಳ್ಳೆಯದು.

ಮೀನು ಒಳ್ಳೆಯದೆಂದು ಖಾತರಿಯಾದ ಮೇಲೆ ಭಯಕ್ಕೆ ಕಾರಣವಿಲ್ಲ. ಅನ್ನಕ್ಕಿಟ್ಟು, ಮಕ್ಕಳನ್ನು ಕೈತೊಳೆಯಲು ಕಳುಹಿಸಿ, ಆಮೇಲೆ ಮೀನನ್ನು ಒಲೆಗೇರಿಸಿದರೂ ಹೊತ್ತು ಮೀರುವುದಿಲ್ಲ. ಮೀನಿನ ಅಡಿಗೆಯಲ್ಲಿ ಕಾಯಬೇಕಾದವರು ಉಣ್ಣುವವರು, ಮೀನನ್ನು ಕಾಯಿಸಬಾರದು.